ಗುಮಾಸ್ತ ನಗಬಾರದು

ಹಾಸ್ಯನಾಟಕ ನೋಡಲು ಹೋದಾಗಲೆಲ್ಲ ಒಂದು ವಿಷಯ ನನ್ನನ್ನು ಕಾಡುತ್ತದೆ. ಮಾತು ಬಾಯಿಂದ ಹೊರಡುವ ಮೊದಲೇ ನಟನ ಹುಬ್ಬು ಮೇಲೇರುತ್ತದೆ. ಮಾತು ಮುಗಿದ ಮೇಲೆ ಅವನು ಸಭಾಂಗಣದ ಕಡೆ ತಿರುಗಿ ಅರೆಕ್ಷಣ ನಿಲ್ಲುತ್ತಾನೆ. ನಗೆ ಬರುತ್ತದೆ ಕೂಡ. ಸಂಜೆಯನ್ನು ನಮಗಾಗಿ ಎತ್ತಿಟ್ಟು ಬಂದ ಪ್ರೇಕ್ಷಕರು ಉದಾರಿಗಳು, ಕೇಳಿದ ಕಡೆಯಲ್ಲೆಲ್ಲ ನಕ್ಕು ಸಹಕರಿಸುತ್ತಾರೆ. ಆದರೆ ಆ ನಗೆಯಲ್ಲಿ ಆಶ್ಚರ್ಯ ಇರುವುದಿಲ್ಲ. ನಾಟಕ ಮುಗಿಸಿ ಮನೆ ಸೇರುವ ಹೊತ್ತಿಗೆ ಒಂದು ಮಾತೂ ನೆನಪಿನಲ್ಲಿ ಉಳಿದಿರುವುದಿಲ್ಲ. ಹವ್ಯಾಸಿ ರಂಗಭೂಮಿಯಲ್ಲಿ ಅಷ್ಟಿಷ್ಟು ಕೆಲಸ ಮಾಡಿಕೊಂಡು ಬಂದವನಾಗಿ, ಇದು ನಟರ ದೋಷವೋ ಬರಹದ ದೋಷವೋ ನಿರ್ದೇಶಕರ ದೋಷವೋ ಎಂದು ತುಂಬಾ ತಲೆ ಕೆಡಿಸಿಕೊಂಡಿದ್ದೇನೆ.

ಈ ತಲೆನೋವಿಗೆ ನಾನು ಕಂಡ ಅತ್ಯಂತ ನೇರವಾದ ಔಷಧ 1877ರ ಒಂದು ಇಂಗ್ಲಿಷ್ ನಾಟಕದ ಆರಂಭದ ಪುಟದಲ್ಲಿದೆ. ನಾಟಕದ ಹೆಸರು 'ಎಂಗೇಜ್ಡ್', ಬರೆದವನು ಡಬ್ಲ್ಯು. ಎಸ್. ಗಿಲ್ಬರ್ಟ್. ನಾಟಕ ಶುರುವಾಗುವ ಮುನ್ನ ಅವನು ನಟರಿಗೊಂದು ಸೂಚನೆ ಬರೆದಿದ್ದಾನೆ. ಇದನ್ನು ಮೊದಲಿನಿಂದ ಕೊನೆಯವರೆಗೆ ಪೂರ್ಣ ಶ್ರದ್ಧೆಯಿಂದ, ಗಾಂಭೀರ್ಯದಿಂದ ಆಡಬೇಕು. ಉಡುಪಿನಲ್ಲಾಗಲಿ ಪ್ರಸಾಧನದಲ್ಲಾಗಲಿ ವರ್ತನೆಯಲ್ಲಾಗಲಿ ಉತ್ಪ್ರೇಕ್ಷೆ ಕೂಡದು. ತಾವು ಆಡುವ ಮಾತು, ಮಾಡುವ ಕೆಲಸ ಎರಡೂ ನಿಜವೆಂದು ಪ್ರತಿಯೊಂದು ಪಾತ್ರವೂ ನಂಬಿರುವಂತೆ ಕಾಣಬೇಕು. ಪ್ರೇಕ್ಷಕರಿಗೆ ನಗೆ ಬರುತ್ತಿದೆ ಎಂದು ತಿಳಿದಂತೆ ನಟ ಒಮ್ಮೆ ತೋರಿಸಿಕೊಂಡರೂ ಸಾಕು, ನಾಟಕ ಸಪ್ಪೆಯಾಗಲು ಶುರುವಾಗುತ್ತದೆ ಎಂಬುದು ಅದರ ತಾತ್ಪರ್ಯ.

ಸೂಚನೆಯನ್ನು ಓದಿ ನಾಟಕಕ್ಕೆ ಇಳಿದರೆ ಅದು ಯಾಕೆ ಬೇಕಾಯಿತೆಂದು ಗೊತ್ತಾಗುತ್ತದೆ. ಸ್ಕಾಟ್ಲೆಂಡಿನ ಗಡಿಯ ಒಂದು ಹಳ್ಳಿಮನೆ. ಅಲ್ಲಿನ ಬಡ ಯುವಕ ಆಂಗಸ್ ರೈಲುಗಳನ್ನು ಹಳಿ ತಪ್ಪಿಸಿ, ಗಾಬರಿಗೊಂಡು ಇಳಿದ ಪ್ರಯಾಣಿಕರಿಗೆ ಊಟ ವಸತಿ ಕೊಟ್ಟು ನಾಲ್ಕು ಕಾಸು ಮಾಡುತ್ತಾನೆ. ಅವನ ಪ್ರೇಯಸಿಗೂ ಅವಳ ತಾಯಿಗೂ ಇದು ಪ್ರಾಮಾಣಿಕ ದುಡಿಮೆ. ಹಾಗೆ ಇಳಿದ ಪ್ರಯಾಣಿಕರಲ್ಲಿ ಒಬ್ಬ ಶೆವಿಯಟ್ ಹಿಲ್, ಹಣವಂತ, ಮಹಾಜಿಪುಣ, ಕಂಡ ಹೆಣ್ಣಿಗೆಲ್ಲ ಮದುವೆಯ ಮಾತು ಕೊಡುವವನು. ಆಂಗಸ್‌ನ ಪ್ರೇಯಸಿಯನ್ನು ತನಗೆ ಬಿಟ್ಟುಕೊಡಲು ಅವನು 2 ಪೌಂಡ್ ಕೊಡುತ್ತೇನೆ ಎನ್ನುತ್ತಾನೆ. ಆಂಗಸ್ ಅಳುತ್ತಾನೆ, ಯೋಚಿಸುತ್ತಾನೆ, ಅವಳ ಒಳ್ಳೆಯದಕ್ಕೇ ಎಂದುಕೊಂಡು ಹಣ ತೆಗೆದುಕೊಳ್ಳುತ್ತಾನೆ. ಅಳು ನಿಜ, 2 ಪೌಂಡ್ ಕೂಡ ನಿಜ. ಇದನ್ನು ಆಡುವ ನಟ ಪ್ರೇಕ್ಷಕರತ್ತ ಒಮ್ಮೆ ಕಣ್ಣು ಮಿಟುಕಿಸಿದರೆ ಆಂಗಸ್ ಒಬ್ಬ ಸಾಮಾನ್ಯ ಕಪಟಿಯಾಗಿಬಿಡುತ್ತಾನೆ, ನಾವು ಅವನಿಗಿಂತ ಮೇಲಿನವರಾಗಿ ಕುಳಿತು ನಗುತ್ತೇವೆ. ಅವನು ನಿಜವಾಗಿ ಅತ್ತರೆ ನಮಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಪ್ರೀತಿ, ಲೆಕ್ಕಾಚಾರ ಎರಡೂ ಒಂದೇ ಎದೆಯಲ್ಲಿ ಜಗಳವಿಲ್ಲದೆ ಬಾಳುತ್ತವೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಗಂಡು ಹೆಣ್ಣು ಒಪ್ಪಿ, ಜಾತಕ ಕೂಡಿ, ಆಮೇಲೆ ಹಿರಿಯರು ಒಳಮನೆಯಲ್ಲಿ ಕೂತು ಆಡುವ ಮಾತುಗಳನ್ನು ಕೇಳಿದ ಯಾರಿಗೂ 'ಎಂಗೇಜ್ಡ್' ಪರದೇಶದ ಕಥೆಯಾಗಿ ಕಾಣುವುದಿಲ್ಲ. ಅಂದಿನ ಲಂಡನ್ನಿನ ಕೆಲವು ವಿಮರ್ಶಕರಿಗೆ ಮಾತ್ರ ಇದು ಹೃದಯವಿಲ್ಲದ ನಾಟಕವಾಗಿ ಕಂಡಿತು.

ಕಚೇರಿ, ಕೋರ್ಟು

ಗಿಲ್ಬರ್ಟ್ ಎಂದರೆ ಜಗತ್ತಿಗೆ ಸಂಗೀತ ಸಂಯೋಜಕ ಆರ್ಥರ್ ಸಲಿವನ್‌ನ ಜೊತೆಗಾರ, 'ಎಚ್.ಎಂ.ಎಸ್. ಪಿನಾಫೋರ್', 'ದ ಪೈರೇಟ್ಸ್ ಆಫ್ ಪೆನ್‌ಜಾನ್ಸ್', 'ದ ಮಿಕಾಡೊ' ಮುಂತಾದ ಗೀತನಾಟಕಗಳ ಸಾಹಿತ್ಯ ಬರೆದವನು. ಇಬ್ಬರೂ ಸೇರಿ ಮಾಡಿದ್ದು 14 ಕೃತಿಗಳು, 1871ರಿಂದ 1896ರವರೆಗೆ. ಅದೆಲ್ಲ ಎಲ್ಲೆಡೆ ಸಿಗುವ ವಿವರ. ನನ್ನ ಆಸಕ್ತಿ ಇರುವುದು ಅದಕ್ಕೂ ಹಿಂದಿನ ವರ್ಷಗಳಲ್ಲಿ.

ಹುಟ್ಟಿದ್ದು 1836ರ ನವೆಂಬರ್ 18ರಂದು, ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಪಕ್ಕದಲ್ಲಿ. ತಂದೆ ನೌಕಾಪಡೆಯಲ್ಲಿ ವೈದ್ಯನಾಗಿದ್ದವನು, ಆಮೇಲೆ ಕಾದಂಬರಿಕಾರ. ಮಗನಿಗೆ ಫಿರಂಗಿ ದಳದ ಅಧಿಕಾರಿಯಾಗುವ ಆಸೆ ಇತ್ತು. ಕ್ರಿಮಿಯಾ ಯುದ್ಧ ಮುಗಿದುಹೋದದ್ದರಿಂದ ಅಧಿಕಾರಿಗಳ ಅಗತ್ಯ ಕಡಿಮೆಯಾಯಿತು, ಇವನು ಸರ್ಕಾರಿ ಕಚೇರಿಯಲ್ಲಿ ಸಹಾಯಕ ಗುಮಾಸ್ತನಾದ. ಸುಮಾರು ನಾಲ್ಕು ವರ್ಷ ಆ ಕುರ್ಚಿಯಲ್ಲಿ ಕುದಿಯುತ್ತ ಕುಳಿತಿದ್ದ. 300 ಪೌಂಡ್ ಪಿತ್ರಾರ್ಜಿತದ ರೂಪದಲ್ಲಿ ಕೈಸೇರಿದ್ದೇ ತಡ, ರಾಜೀನಾಮೆ ಬಿಸಾಕಿ ವಕೀಲನಾದ. ವಕೀಲಿಕೆಯೂ ಕೈಹಿಡಿಯಲಿಲ್ಲ, ವರ್ಷಕ್ಕೆ ಸರಾಸರಿ ಐವರು ಕಕ್ಷಿದಾರರು. ಹೊಟ್ಟೆಪಾಡಿಗೆ 'ಫನ್' ಎಂಬ ವಾರಪತ್ರಿಕೆಗೆ ಪದ್ಯ, ವ್ಯಂಗ್ಯಚಿತ್ರ, ರಂಗವಿಮರ್ಶೆ, ಸಿಕ್ಕಿದ್ದೆಲ್ಲ ಬರೆದ. ಬಾಲ್ಯದ ಮುದ್ದಿನ ಹೆಸರಾದ 'ಬ್ಯಾಬ್' ಎಂದು ಚಿತ್ರಗಳಿಗೆ ಸಹಿ ಹಾಕುತ್ತಿದ್ದ.

ಬ್ಯಾಬ್ ಪದ್ಯಗಳಲ್ಲಿ ಒಂದನ್ನು 'ಪಂಚ್' ಪತ್ರಿಕೆ ನರಭಕ್ಷಣೆ ಅತಿಯಾಯಿತೆಂದು ತಿರಸ್ಕರಿಸಿತ್ತು. ಹಡಗು ಒಡೆದು ಬದುಕುಳಿದ ಮುದಿ ನಾವಿಕನೊಬ್ಬ ತಾನೇ ಅಡುಗೆಯವನೂ ಕಪ್ತಾನನೂ ಮಿಕ್ಕೆಲ್ಲ ಸಿಬ್ಬಂದಿಯೂ ಆಗಿದ್ದೇನೆ ಎನ್ನುತ್ತಾನೆ. ಕೇಳುವವನಿಗೆ ಒಗಟು. ಕೊನೆಗೆ ತಿಳಿಯುವುದೇನೆಂದರೆ, ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ತಿಂದು ಮುಗಿಸಿದವನು ಇವನೇ. ಲೆಕ್ಕ ಸರಿಯಾಗಿದೆ. ತರ್ಕದಲ್ಲಿ ಒಂದು ಕೊಂಡಿಯೂ ಸಡಿಲವಿಲ್ಲ. ಅದನ್ನು ಹೇಳುವ ದನಿಯಲ್ಲಿ ಭಯವಾಗಲಿ ನಾಚಿಕೆಯಾಗಲಿ ಇಲ್ಲ. ಇಡೀ ಗಿಲ್ಬರ್ಟ್ ಈ ಪದ್ಯದಲ್ಲಿ ಆಗಲೇ ಇದ್ದಾನೆ ಎಂದು ನನಗನ್ನಿಸುತ್ತದೆ. ಕಡತದ ಭಾಷೆ, ಕೋರ್ಟಿನ ಭಾಷೆ ಎರಡನ್ನೂ ಕೇಳಿ ಕೇಳಿ ಕಿವಿ ಪಳಗಿದವನಿಗೆ ಮಾತ್ರ ಬರುವ ದನಿ ಅದು. ಸೋತ ಗುಮಾಸ್ತ, ಸೋತ ವಕೀಲ ಎಂದು ಅವನ ಜೀವನಚರಿತ್ರೆಯ ಈ ಭಾಗವನ್ನು ಎಲ್ಲರೂ ಬೇಗ ದಾಟಿಬಿಡುತ್ತಾರೆ. ನನ್ನ ಪ್ರಕಾರ ಅವನ ನಿಜವಾದ ಶಾಲೆ ಅದೇ.

ನಮ್ಮ ಪಿಂಚಣಿ ಗುಮಾಸ್ತ

ಇಲ್ಲಿ ನಮ್ಮ ತಂಡದ ಒಂದು ಅನುಭವ ಹೇಳಬೇಕು. ಪಿಂಚಣಿ ಕಚೇರಿಯ ಕುರಿತ ಒಂದು ಏಕಾಂಕವನ್ನು ನಾವೇ ಕೂತು ಕಟ್ಟಿದ್ದೆವು. ಮುದುಕರೊಬ್ಬರು ಜೀವಿತ ಪ್ರಮಾಣಪತ್ರ ಕೊಡಲು ಬರುತ್ತಾರೆ. ಕಚೇರಿಯ ಕಡತದಲ್ಲಿ ಅವರು ತೀರಿಕೊಂಡಿದ್ದಾರೆ. ಗುಮಾಸ್ತನ ಪಾತ್ರಕ್ಕೆ ಚುರುಕಾದ ಹುಡುಗನಿದ್ದ, ಮುಖದಲ್ಲಿ ನೂರು ಭಾವ ತರುವವನು. "ನೀವು ಬದುಕಿರುವುದು ನನಗೆ ಕಾಣುತ್ತಿದೆ ಯಜಮಾನರೇ, ಕಡತಕ್ಕೆ ಕಾಣುತ್ತಿಲ್ಲವಲ್ಲ" ಎಂಬ ಮಾತನ್ನು ಅವನು ಹುಬ್ಬು ಕುಣಿಸಿ ಹೇಳುತ್ತಿದ್ದ. ಪ್ರತಿ ಪ್ರಯೋಗದಲ್ಲೂ ಅಲ್ಲೊಂದು ನಗೆ, ಮಳೆಹನಿ ಬಿದ್ದಷ್ಟು ಹೊತ್ತು.

ಒಂದು ಪ್ರಯೋಗಕ್ಕೆ ಅವನು ಬರಲಾಗಲಿಲ್ಲ. ತಂಡದ ಹಿರಿಯರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ಪುಸ್ತಕ ಹಿಡಿದು ಸಂಜೆಯೊಳಗೆ ಪಾತ್ರ ಕಲಿತರು. ಅವರಿಗೆ ಹುಬ್ಬು ಕುಣಿಸಲು ಬರುವುದಿಲ್ಲ. ಕನ್ನಡಕ ತೆಗೆದು ಒರೆಸಿದರು, ಕಡತದ ಹಾಳೆಯನ್ನು ಇನ್ನೊಮ್ಮೆ ತಿರುವಿದರು, ಮುದುಕರ ಮುಖವನ್ನೂ ಹಾಳೆಯನ್ನೂ ನಿಜವಾದ ಕಳವಳದಿಂದ ಹೋಲಿಸಿ ನೋಡಿದರು. ಆಮೇಲೆ ಅದೇ ಮಾತನ್ನು, ಸಾವಿನ ಸುದ್ದಿ ತಿಳಿಸುವವರ ಮರುಕದಲ್ಲಿ ಹೇಳಿದರು. ಸಭಾಂಗಣ ಮೊದಲು ಸ್ತಬ್ಧವಾಯಿತು. ಆಮೇಲೆ ಎದ್ದ ನಗೆ ಮುಂದಿನ ಮೂರು ಮಾತುಗಳನ್ನು ನುಂಗಿಹಾಕಿತು. ಅವರಿಗೆ ಜನ ಯಾಕೆ ನಗುತ್ತಿದ್ದಾರೆಂಬ ಗೊಂದಲ, ಆ ಗೊಂದಲವನ್ನೂ ಗುಮಾಸ್ತನ ಮುಖದಲ್ಲೇ ಇಟ್ಟುಕೊಂಡು ಕಡತದೊಳಕ್ಕೆ ತಲೆ ತಗ್ಗಿಸಿದರು. ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬರು ನಗುತ್ತಲೇ ಕಣ್ಣೊರೆಸಿಕೊಂಡರು. ಗಿಲ್ಬರ್ಟ್‌ನ ಸೂಚನೆಯ ಅರ್ಥ ಪ್ರಯೋಗದಲ್ಲಿ ಹೇಗಿರುತ್ತದೆಂದು ನಾನು ಕಂಡದ್ದು ಅಂದು.

ಮರದ ತುಂಡುಗಳು

ಹಾಗೆ ಆಡಿಸಲು ಅವನು ಪಟ್ಟ ಪಾಡು ಕಡಿಮೆಯದಲ್ಲ. ಆ ಕಾಲದ ಲಂಡನ್ ರಂಗಭೂಮಿಯಲ್ಲಿ ಹಾಸ್ಯನಟನೆಂದರೆ ಸ್ವತಂತ್ರ ಸಂಸ್ಥಾನ. ಬರೆದದ್ದನ್ನು ಬಿಟ್ಟು ತನಗೆ ತೋಚಿದ್ದನ್ನು ಸೇರಿಸಿ ಚಪ್ಪಾಳೆ ಗಿಟ್ಟಿಸುವುದು ಅವನ ಹಕ್ಕು. ಸಲಿವನ್ ಜೊತೆಗಿನ ಮೊದಲ ಕೃತಿ 'ಥೆಸ್ಪಿಸ್'ಗೆ ಸರಿಯಾದ ತಾಲೀಮೇ ಸಿಕ್ಕಿರಲಿಲ್ಲ. ಮುಂದೆ ರಿಚರ್ಡ್ ಡಾಯ್ಲಿ ಕಾರ್ಟ್ ಎಂಬ ವ್ಯವಸ್ಥಾಪಕ ಇಬ್ಬರನ್ನೂ ಕೂಡಿಸಿ ತಂಡ ಕಟ್ಟಿದಾಗ ಗಿಲ್ಬರ್ಟ್ ರಂಗದ ಸಂಪೂರ್ಣ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡ. ಮನೆಯಲ್ಲಿ ರಂಗದ ಪುಟ್ಟ ಮಾದರಿಯೊಂದನ್ನು ಮಾಡಿಸಿಟ್ಟು, ಗಂಡು ಪಾತ್ರಕ್ಕೆ ಮೂರು ಅಂಗುಲದ ಮರದ ತುಂಡು, ಹೆಣ್ಣು ಪಾತ್ರಕ್ಕೆ ಎರಡೂವರೆ ಅಂಗುಲದ್ದು, ಹೀಗೆ ಅವುಗಳನ್ನು ಅತ್ತಿತ್ತ ಸರಿಸಿ ಮೇಳದವರ ಚಲನೆಯನ್ನೂ ಮೊದಲೇ ನಿಗದಿ ಮಾಡುತ್ತಿದ್ದ. 'ಪಿನಾಫೋರ್'ಗಾಗಿ ಪೋರ್ಟ್ಸ್‌ಮತ್‌ಗೆ ಹೋಗಿ ನೌಕಾ ಸೇನಾನಿ ನೆಲ್ಸನ್ನನ 'ವಿಕ್ಟರಿ' ಹಡಗನ್ನೇರಿ ಹಗ್ಗ ಕಂಬಗಳ ಚಿತ್ರ ಬರೆದುಕೊಂಡು ಬಂದ. ನಾಟಕದ ಹಡಗಿನ ಮೇಲೆ ನಡೆಯುವುದೆಲ್ಲ ಅಸಂಬದ್ಧ. ಸಮುದ್ರಕ್ಕೇ ಇಳಿಯದೆ ನೌಕಾಪಡೆಯ ಮಂತ್ರಿಯಾದವನು ನಾವಿಕರಿಗೆ ಪಾಠ ಹೇಳುತ್ತಾನೆ. ಹಡಗು ಮಾತ್ರ ಅಚ್ಚುಕಟ್ಟು. ಹಡಗು ನಿಜವಿದ್ದರೆ ತಾನೇ ಮಂತ್ರಿ ಸುಳ್ಳೆಂದು ಕಾಣುವುದು.

'ಮಿಕಾಡೊ'ದ ತಾಲೀಮಿನ ಒಂದು ಪ್ರಸಂಗ ಪ್ರಸಿದ್ಧ. ಮುಖ್ಯ ಹಾಸ್ಯನಟ ಜಾರ್ಜ್ ಗ್ರಾಸ್ಮಿತ್, ಸಹನಟಿ ಜೆಸ್ಸಿ ಬಾಂಡ್ ತಳ್ಳಿದಾಗ ಸಂಪೂರ್ಣ ಉರುಳಿ ಬೀಳುತ್ತಿದ್ದ. ಅದನ್ನು ಬಿಡು ಎಂದ ಗಿಲ್ಬರ್ಟ್. ಅಲ್ಲಿ ನನಗೆ ದೊಡ್ಡ ನಗೆ ಸಿಗುತ್ತದಲ್ಲ ಎಂದು ಗ್ರಾಸ್ಮಿತ್ ವಾದಿಸಿದ. ಹಂದಿಮಾಂಸದ ಕಡುಬಿನ ಮೇಲೆ ಕೂತರೂ ನಿನಗೆ ನಗೆ ಸಿಗುತ್ತದೆ ಎಂಬ ಉತ್ತರ ಬಂತು. ಇದನ್ನು ಗಿಲ್ಬರ್ಟ್‌ನ ಕಟುನಾಲಿಗೆಗೆ ಉದಾಹರಣೆಯಾಗಿ ಹೇಳುತ್ತಾರೆ. ಅವನ ನಾಲಿಗೆ ಕಟುವಾಗಿತ್ತು, ನಟರು ನಡುಗುತ್ತಿದ್ದರು, ಆ ಕಟುತನದಿಂದ ಎಷ್ಟೋ ಸ್ನೇಹಗಳು ಮುರಿದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಮಾತಿನಲ್ಲಿ ಒಂದು ಸಿದ್ಧಾಂತವೂ ಇದೆ. ಎಲ್ಲಾದರೂ ಸಿಗುವ ನಗೆ ಇಲ್ಲಿ ಬೇಡ, ಇಲ್ಲಿ ಮಾತ್ರ ಸಿಗುವ ನಗೆ ಬೇಕು.

ಊಟದ ನಂತರ ಆಗಬಹುದೇ?

1885ರ ಮಾರ್ಚ್ 14ರಂದು ಸವಾಯ್ ಥಿಯೇಟರಿನಲ್ಲಿ ಮೊದಲು ಕಂಡ 'ಮಿಕಾಡೊ' 672 ಪ್ರಯೋಗ ಕಂಡಿತು. ಜಪಾನಿನ ಟಿಟಿಪು ಎಂಬ ಊರಿನಲ್ಲಿ ಚೆಲ್ಲಾಟವಾಡಿದವರಿಗೆ ಶಿರಚ್ಛೇದದ ಕಾನೂನಿದೆ. ಊರಿನವರು ಉಪಾಯ ಹೂಡುತ್ತಾರೆ. ಶಿಕ್ಷೆಗೆ ಗುರಿಯಾದ ಕೊ-ಕೊ ಎಂಬ ದರ್ಜಿಯನ್ನೇ ವಧಾಧಿಕಾರಿಯ ಹುದ್ದೆಗೇರಿಸುತ್ತಾರೆ. ಸರದಿಯಲ್ಲಿ ಮೊದಲ ತಲೆ ಅವನದೇ ಆದ್ದರಿಂದ ತನ್ನ ತಲೆ ಕಡಿದುಕೊಳ್ಳದೆ ಅವನು ಇನ್ನೊಬ್ಬರದನ್ನು ಕಡಿಯುವಂತಿಲ್ಲ, ಊರೆಲ್ಲ ಕ್ಷೇಮ. ಕೆಟ್ಟ ಕಾನೂನಿನೊಳಗೇ ಬದುಕುವ ಸಂದು ಹುಡುಕುವ ಈ ಬುದ್ಧಿಯನ್ನು ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ನನಗೆ ಅತ್ಯಂತ ಇಷ್ಟವಾದ ಭಾಗ ಎರಡನೆಯ ಅಂಕದಲ್ಲಿದೆ. ಚಕ್ರವರ್ತಿಯನ್ನು ಮೆಚ್ಚಿಸಲು ಕೊ-ಕೊ ಮತ್ತು ಅವನ ಜೊತೆಯವರು ಒಬ್ಬನ ಶಿರಚ್ಛೇದ ಮಾಡಿಯೇಬಿಟ್ಟೆವೆಂದು ಸುಳ್ಳು ವರದಿ ಕೊಟ್ಟಿದ್ದಾರೆ. ಸತ್ತನೆಂದು ಬರೆದುಕೊಟ್ಟವನು ಚಕ್ರವರ್ತಿಯ ಮಗನೆಂದು ಆಮೇಲೆ ತಿಳಿಯುತ್ತದೆ. ಚಕ್ರವರ್ತಿ ಸಿಟ್ಟಾಗುವುದಿಲ್ಲ. ನಿಮಗೆ ಗೊತ್ತಿರಲಿಲ್ಲ, ನಿಮ್ಮ ತಪ್ಪೇನೂ ಇಲ್ಲ ಎಂದು ಸಮಾಧಾನ ಹೇಳುತ್ತಾನೆ. ಆದರೇನು ಮಾಡುವುದು, ಯುವರಾಜನ ಸಾವಿಗೆ ಕಾರಣರಾದವರ ಕಾಯಿದೆಯಲ್ಲಿ ತಿಳಿಯದೆ ಮಾಡಿದವರ ಬಗ್ಗೆ ಒಂದು ಮಾತೂ ಇಲ್ಲ. ಇರಬೇಕಿತ್ತು, ಇಲ್ಲ. ಕಾಯಿದೆಗಳನ್ನು ಯಾವಾಗಲೂ ಹೀಗೇ ಅಡ್ಡಾದಿಡ್ಡಿಯಾಗಿ ಬರೆಯುತ್ತಾರೆ. ಮುಂದಿನ ಅಧಿವೇಶನದಲ್ಲಿ ತಿದ್ದಿಸುತ್ತೇನೆ, ಧೈರ್ಯವಾಗಿರಿ. ಸರಿ, ಈಗ ನಿಮ್ಮ ಮರಣದಂಡನೆಯ ವಿಷಯ. ಮಧ್ಯಾಹ್ನದ ಊಟದ ನಂತರ ಆಗಬಹುದೇ?

ಆ ಚಕ್ರವರ್ತಿಯನ್ನು ಕ್ರೂರಿಯಂತೆ ಆಡಿದರೆ ಈ ಮಾತಿಗೆ ಬೆಲೆಯಿಲ್ಲ. ಅವನು ನಿಜಕ್ಕೂ ಸಜ್ಜನ. ಎದುರಿಗಿರುವವರ ಅನುಕೂಲವನ್ನು ಮನಃಪೂರ್ವಕ ವಿಚಾರಿಸುತ್ತಿದ್ದಾನೆ. ಹಿಂಸೆಗೆ ಯಾವಾಗಲೂ ಕೋರೆಹಲ್ಲು ಇರಬೇಕಾಗಿಲ್ಲ, ಸೌಜನ್ಯದ ಕೈಬರಹದಲ್ಲೂ ಅದು ಬರುತ್ತದೆ ಎಂಬುದನ್ನು ವಿಕ್ಟೋರಿಯಾ ಕಾಲದ ಲಂಡನ್ ತನ್ನ ಬಗ್ಗೆ ತಾನೇ ಕುಳಿತು ಕೇಳಿ ನಕ್ಕಿತು. ಜಪಾನ್ ಇಲ್ಲಿ ಬರಿಯ ಮುಖವಾಡ. ಆ ಮುಖವಾಡದ ಬಗ್ಗೆ ಇಂದು ಏಳುತ್ತಿರುವ ಆಕ್ಷೇಪವನ್ನು ನಾನು ನ್ಯಾಯವೆಂದೇ ಭಾವಿಸುತ್ತೇನೆ. ನ್ಯೂಯಾರ್ಕಿನ ಒಂದು ತಂಡ 2015ರಲ್ಲಿ ಈ ಕಾರಣಕ್ಕೇ ತನ್ನ ಪ್ರಯೋಗವನ್ನು ಕೈಬಿಟ್ಟಿತು. ಇಂಗ್ಲೆಂಡಿನ ಮೂರ್ಖತನವನ್ನು ಇಂಗ್ಲೆಂಡಿನ ಉಡುಪಿನಲ್ಲೇ ಆಡಿದರೆ ನಾಟಕಕ್ಕೆ ನಷ್ಟವೇನೂ ಇಲ್ಲ. ಮತ್ತೊಂದು ನನಗೆ ಸಹಿಸಲಾಗದ್ದು ವಯಸ್ಸಾದ ಹೆಂಗಸರನ್ನು ಅವನು ನಡೆಸಿಕೊಳ್ಳುವ ರೀತಿ. 'ಪೈರೇಟ್ಸ್'ನ ರೂತ್, 'ಪೇಶನ್ಸ್'ನ ಲೇಡಿ ಜೇನ್, 'ಮಿಕಾಡೊ'ದ ಕತಿಶಾ, ಮೂವರೂ ಮುಪ್ಪಿಗಾಗಿ, ರೂಪಕ್ಕಾಗಿ ಅಪಹಾಸ್ಯಕ್ಕೆ ಗುರಿಯಾಗುತ್ತಾರೆ. ಕತಿಶಾಳ ಒಂಟಿತನದ ಹಾಡಿಗೆ ಸಲಿವನ್ ಹಾಕಿದ ಸಂಗೀತ ಅವಳ ಮಾನವನ್ನು ಎಷ್ಟೋ ಉಳಿಸಿದೆ.

ಅಳುವಾಗಲೂ

ಸಲಿವನ್‌ಗೆ ಬೇಕಿದ್ದದ್ದು ಮನುಷ್ಯರ ನಿಜವಾದ ಸುಖದುಃಖವಿರುವ ಕಥೆ. ಗಿಲ್ಬರ್ಟ್ ಮತ್ತೆ ಮತ್ತೆ ತರುತ್ತಿದ್ದದ್ದು ಒಂದು ಮಂತ್ರದ ಗುಳಿಗೆಯ ಕಥೆ. ಅದನ್ನು ನುಂಗಿದವರು ತಾವು ಏನೆಂದು ನಟಿಸುತ್ತಾರೋ ಅದೇ ಆಗಿಬಿಡುತ್ತಾರೆ. 1884ರಲ್ಲಿ ಸಲಿವನ್ ಒಲ್ಲೆನೆಂದ, ಆ ಬಿಕ್ಕಟ್ಟಿನಿಂದ ಹೊರಬರಲು ಹೊಳೆದ ಬೇರೆ ಕಥೆಯೇ 'ಮಿಕಾಡೊ'. ಗುಳಿಗೆಯ ಮೋಹ ಗಿಲ್ಬರ್ಟ್‌ನನ್ನು ಬಿಡಲಿಲ್ಲ. ಕೊನೆಗೆ 1892ರಲ್ಲಿ ಆಲ್ಫ್ರೆಡ್ ಸೆಲಿಯರ್ ಸಂಗೀತದಲ್ಲಿ 'ದ ಮೌಂಟ್‌ಬ್ಯಾಂಕ್ಸ್' ಎಂದು ಅದನ್ನು ಆಡಿಸಿದ. ನಟನೆ ನಿಜವಾಗುವ ಆ ಕಲ್ಪನೆ ಅವನನ್ನು ಯಾಕೆ ಇಷ್ಟು ಹಿಡಿದಿಟ್ಟಿತ್ತೆಂದು ಅವನ ತಾಲೀಮುಗಳ ಬಗ್ಗೆ ಓದಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಥಿಯೇಟರಿನ ಹೊಸ ಜಮಖಾನೆಯ ಖರ್ಚಿನ ವಿಚಾರವಾಗಿ 1890ರಲ್ಲಿ ಗಿಲ್ಬರ್ಟ್ ಕಾರ್ಟ್‌ನನ್ನು ಕೋರ್ಟಿಗೆಳೆದ, ಸಲಿವನ್ ಕಾರ್ಟ್ ಪರ ನಿಂತ, ಜೋಡಿ ಒಡೆಯಿತು. ಆಮೇಲೆ ಕೂಡಿ ಮಾಡಿದ ಎರಡು ಕೃತಿಗಳಲ್ಲಿ ಹಳೆಯ ಹುರುಪಿಲ್ಲ.

ಇಷ್ಟೆಲ್ಲ ಆದರೂ ಗಿಲ್ಬರ್ಟ್‌ಗೆ ತನ್ನ ಗಂಭೀರ ನಾಟಕಗಳ ಮೇಲೇ ಮಮತೆ. 1875ರ 'ಬ್ರೋಕನ್ ಹಾರ್ಟ್ಸ್' ಎಂಬ ಪದ್ಯನಾಟಕದಲ್ಲಿ ತನ್ನ ಜೀವವನ್ನೇ ಇಟ್ಟಿದ್ದ. ಅದರ ಹೆಸರನ್ನು ತಿರುಚಿ ಬೇರೊಬ್ಬ ಲೇಖಕ ಆಡಿದ ಕುಚೋದ್ಯ ಪತ್ರಿಕೆಯಲ್ಲಿ ಅಚ್ಚಾದಾಗ ಅವನಿಗೆ ಆದ ನೋವು ಆಳವಾದದ್ದು. ನಾನು ಆ ನಾಟಕವನ್ನು ಪ್ರೀತಿಯಿಂದಲೇ ಓದಲು ಕೂತೆ, ಓದಲಾಗಲಿಲ್ಲ. ಅದರಲ್ಲಿ ಪ್ರತಿ ಪಾತ್ರಕ್ಕೂ ತಾನು ದುಃಖಿ ಎಂದು ಗೊತ್ತಿದೆ, ನಮಗೂ ಅದು ಗೊತ್ತಾಗಲೆಂದು ಪ್ರತಿ ಸಾಲಿನಲ್ಲೂ ಕಣ್ಣೀರನ್ನು ಎತ್ತಿ ತೋರಿಸುತ್ತದೆ. ಹುಬ್ಬು ಕುಣಿಸುವ ಹಾಸ್ಯನಟ ಮಾಡುವುದೂ ಇದನ್ನೇ. ಒಬ್ಬ ನಗೆ ಬೇಡುತ್ತಾನೆ, ಇನ್ನೊಬ್ಬ ಅಳು ಬೇಡುತ್ತಾನೆ, ಬೇಡುವುದರಲ್ಲಿ ವ್ಯತ್ಯಾಸವಿಲ್ಲ. ಹಾಸ್ಯಕ್ಕೆ ಅಷ್ಟು ಖಚಿತವಾಗಿ ಸೂಚನೆ ಬರೆದ ಮನುಷ್ಯ ದುಃಖದ ವಿಷಯದಲ್ಲಿ ಅದನ್ನು ಪಾಲಿಸದೆ ಹೋದದ್ದು ನನಗೆ ಬಹುಕಾಲ ಒಗಟಾಗಿತ್ತು.

ಅವನು ಅದನ್ನು ಪಾಲಿಸಿದ್ದು ಕಟ್ಟಕಡೆಯ ನಾಟಕದಲ್ಲಿ. 1911ರ ಫೆಬ್ರವರಿಯಲ್ಲಿ ಲಂಡನ್ ಕಲೋಸಿಯಂನಲ್ಲಿ ಆಡಿದ 'ದ ಹೂಲಿಗನ್' ಒಂದೇ ಅಂಕದ, ಒಂದೇ ಕೋಣೆಯ ನಾಟಕ. ಹುಡುಗಿಯನ್ನು ಕೊಂದು ಗಲ್ಲಿಗೆ ಕಾದಿರುವ ಸಾಲಿ ಎಂಬ ಯುವಕ ಕಾವಲುಗಾರರ ಮುಂದೆ ಗೋಳಾಡುತ್ತಾನೆ. ಕಳ್ಳರ ನಡುವೆ ಹುಟ್ಟಿ ಕಳ್ಳತನವನ್ನೇ ಕಲಿತವನನ್ನು, ಒಳ್ಳೆಯ ಮನೆಯಲ್ಲಿ ಬೆಳೆದವರನ್ನು ತೂಗುವ ತಕ್ಕಡಿಯಲ್ಲೇ ತೂಗಿದಿರಲ್ಲ ಎಂಬುದು ಅವನ ತಕರಾರು. ಕಾವಲುಗಾರರು ಒಳ್ಳೆಯವರು, ಅವರ ಕೈಯಲ್ಲಿ ಏನೂ ಇಲ್ಲ. ಸಾಲಿ ಹೇಡಿ, ಮನಸೆಳೆಯುವಂಥ ಯಾವ ಹಿರಿಮೆಯೂ ಅವನಿಗಿಲ್ಲ, ನಾಟಕಕಾರ ಅವನ ಪರವಾಗಿ ಒಂದು ಮಾತೂ ಸೇರಿಸುವುದಿಲ್ಲ. ಕೊನೆಗೆ ಅಧಿಕಾರಿಗಳು ಬರುತ್ತಾರೆ. ಗಲ್ಲು ರದ್ದಾಗಿದೆ, ಜೀವಾವಧಿ ಶಿಕ್ಷೆಯಾಗಿದೆ ಎಂದು ತಿಳಿಸುತ್ತಾರೆ. ಅದನ್ನು ಕೇಳಿದ ಆಘಾತಕ್ಕೆ ಸಾಲಿಯ ದುರ್ಬಲ ಹೃದಯ ನಿಂತುಹೋಗುತ್ತದೆ. ಕಾಯಿದೆ ತನ್ನ ಕೆಲಸ ಮಾಡಿತು, ದಯೆಯೂ ತನ್ನ ಕೆಲಸ ಮಾಡಿತು, ಮನುಷ್ಯ ಸತ್ತ. 'ಮಿಕಾಡೊ'ದ ತರ್ಕವೇ ಇದು. ನಗೆಯನ್ನು ಮಾತ್ರ ತೆಗೆದುಹಾಕಿದ್ದಾನೆ, ಅದರ ಜಾಗಕ್ಕೆ ಅಳುವನ್ನು ತಂದಿಟ್ಟಿಲ್ಲ.

ಆ ವರ್ಷ ಮೇ 29ರಂದು ಹ್ಯಾರೋ ವೀಲ್ಡ್‌ನ ತನ್ನ ಗ್ರಿಮ್ಸ್ ಡೈಕ್ ಮನೆಯ ಕೆರೆಯಲ್ಲಿ ಗಿಲ್ಬರ್ಟ್ ಇಬ್ಬರು ಯುವತಿಯರಿಗೆ ಈಜು ಕಲಿಸುತ್ತಿದ್ದ. ಒಬ್ಬಳು ನೆಲ ಸಿಗದೆ ಕೂಗಿಕೊಂಡಳು. 74 ವರ್ಷದ ಮುದುಕ ನೀರಿಗೆ ಧುಮುಕಿ, ನನ್ನ ಭುಜ ಹಿಡಿದುಕೋ, ಒದ್ದಾಡಬೇಡ ಎಂದು ಹೇಳುತ್ತಾ ಅವಳ ಬಳಿ ಸೇರಿದ. ಅವಳು ಉಳಿದಳು, ಅವನ ಹೃದಯ ನೀರಿನಲ್ಲೇ ನಿಂತಿತು. 'ಹೂಲಿಗನ್' ಆಗ ಮೂರು ತಿಂಗಳ ಹಳೆಯ ನಾಟಕ.

'ಎಂಗೇಜ್ಡ್' ಮತ್ತು 'ಹೂಲಿಗನ್' ಎರಡನ್ನೂ ಒಂದೇ ಸಂಜೆ, ಒಂದೇ ನಟವರ್ಗದಲ್ಲಿ ಆಡಬೇಕೆಂದು ತಂಡದ ಮುಂದೆ ಪ್ರಸ್ತಾಪ ಇಟ್ಟಿದ್ದೇನೆ. ಮೂರಂಕದ ನಾಟಕವನ್ನು ಕತ್ತರಿಸಬೇಕು, ಅದರ ಕಥೆಯ ತಿರುವುಗಳಿಗೆ ಕಾರಣವಾದ ಸ್ಕಾಟ್ಲೆಂಡಿನ ಮದುವೆ ಕಾನೂನನ್ನು ಸಲೀಸು ಮಾಡಬೇಕು, ಸೆರೆಮನೆಗೂ ಹಳ್ಳಿಮನೆಗೂ ಹೊಂದುವ ರಂಗಸಜ್ಜಿಕೆ ಹುಡುಕಬೇಕು. ನಗೆಯ ನಾಟಕ ಮೊದಲಿರಲಿ, ಜನ ಎದ್ದುಹೋಗುವುದಿಲ್ಲ ಎನ್ನುತ್ತಾರೆ ಗೆಳೆಯರು. ನಾನು 'ಹೂಲಿಗನ್' ಮೊದಲು ಎನ್ನುತ್ತೇನೆ. ಸಾಲಿ ಸಾಯುವುದನ್ನು ನೋಡಿದ ಕಣ್ಣಿಗೆ 2 ಪೌಂಡ್ ಎಣಿಸಿಕೊಳ್ಳುವ ಆಂಗಸ್ ಹೇಗೆ ಕಾಣುತ್ತಾನೆಂದು ನನಗೆ ನೋಡಬೇಕಾಗಿದೆ.